ಹೀಟ್ ಪಂಪ್ ಬಳಸಿ ಒಣಗಿಸುವ ವಿಧಾನ: ಪದೇ ಪದೇ ಕೇಳುವ ಪ್ರಶ್ನೆಗಳು

ಹಣ್ಣು, ತರಕಾರಿ, ಔಷಧೀಯ ಸಸ್ಯ, ಮರ, ಬಟ್ಟೆ, ಪಿಷ್ಟ, ಇಟ್ಟಿಗೆ ಮೊದಲಾದ ಅನೇಕ ವಸ್ತುಗಳು ತಯಾರಿಕೆಯ ಯಾವುದಾದರೊಂದು ಹಂತದಲ್ಲಿ ಒಣಗಲೇಬೇಕು. ಆ ಹಂತದಲ್ಲಿ ಹೀಟ್ ಪಂಪ್ ಬಳಸಬೇಕೆಂದು ಯೋಚಿಸುತ್ತಿರುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ.

ಒಣಗಿಸುವುದಕ್ಕೆ ಇಷ್ಟೊಂದು ಶಕ್ತಿ ಏಕೆ ಬೇಕಾಗುತ್ತದೆ?

ನೀರು ಆವಿಯಾಗುವಾಗ ಹೀರಿಕೊಳ್ಳುವ ಶಾಖ, ಅಂದರೆ ಗುಪ್ತೋಷ್ಣ, ಬಹಳ ದೊಡ್ಡ ಪ್ರಮಾಣದ್ದು. ಒಂದು ಕಿಲೋಗ್ರಾಂ ನೀರನ್ನು 20ರಿಂದ 40 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿ ಮಾಡಲು ಸುಮಾರು 84 ಕಿಲೋಜೂಲ್ ಸಾಕು. ಅದೇ ನೀರನ್ನು 40 ಡಿಗ್ರಿಯಲ್ಲಿ ಆವಿಯಾಗಿಸಲು ಸುಮಾರು 2400 ಕಿಲೋಜೂಲ್ ಬೇಕು. ವಿದ್ಯುತ್ತಿನ ಲೆಕ್ಕದಲ್ಲಿ ಇದು ಒಂದು ಯೂನಿಟ್ಟಿನ ಮೂರನೇ ಎರಡು ಭಾಗ.

ಇದು ಪ್ರಕೃತಿ ವಿಧಿಸಿರುವ ಕನಿಷ್ಠ ಬೆಲೆ. ಆದರೆ ಸಾಮಾನ್ಯ ಬಿಸಿಗಾಳಿಯ ಡ್ರೈಯರ್‌ಗಳು ಪ್ರತಿ ಕಿಲೋಗ್ರಾಂ ನೀರಿಗೆ 4000ದಿಂದ 6000 ಕಿಲೋಜೂಲ್‌ವರೆಗೆ ಖರ್ಚು ಮಾಡುವುದು ಅಪರೂಪವಲ್ಲ. ಹೆಚ್ಚುವರಿ ಶಾಖದಲ್ಲಿ ಒಂದು ಪಾಲು ಗೋಡೆಗಳ ಮೂಲಕ ಹೋದರೆ, ಬಹುಪಾಲು ಹೊರಗೆ ಬಿಡುವ ಬಿಸಿ ಗಾಳಿಯ ಜೊತೆ ಹೋಗುತ್ತದೆ. ಅಷ್ಟೇ ಅಲ್ಲ, ನೀರನ್ನು ಆವಿಯಾಗಿಸಲು ಕೊಟ್ಟ 2400 ಕಿಲೋಜೂಲ್ ಕೂಡ ನಾಶವಾಗಿರುವುದಿಲ್ಲ. ಅದು ಆವಿಯೊಳಗೇ ಅಡಗಿಕೊಂಡು ಅದೇ ಚಿಮಣಿಯಿಂದ ಹೊರಬೀಳುತ್ತದೆ. ಹೀಗಾಗಿ ಒಣಗಿಸುವ ಕೆಲಸದಲ್ಲಿ ಶಕ್ತಿ ಉಳಿಸಬೇಕಾದರೆ ಮೊದಲು ನೋಡಬೇಕಾದುದು ಹೊರಗೆ ಹೋಗುತ್ತಿರುವ ಗಾಳಿಯನ್ನು. ಬಿಸಿ ಮಾಡುವ ವಿಧಾನದ ಪ್ರಶ್ನೆ ಆಮೇಲಿನದು.

ಹಾಗಾದರೆ ಹೀಟ್ ಪಂಪ್ ಏನು ಮಾಡುತ್ತದೆ?

ಆ ಗಾಳಿಯನ್ನು ಹೊರಗೆ ಬಿಡುವುದೇ ಇಲ್ಲ. ವಸ್ತುವಿನ ಮೇಲಿಂದ ಹಾದು ತೇವ ತುಂಬಿಕೊಂಡ ಗಾಳಿ ಮೊದಲು ಇವ್ಯಾಪರೇಟರ್ ಎಂಬ ತಣ್ಣನೆಯ ಕಾಯಿಲ್‌ನ ನಡುವೆ ಹಾದುಹೋಗುತ್ತದೆ. ಕಾಯಿಲ್‌ನ ಮೇಲ್ಮೈ ಗಾಳಿಯ ಇಬ್ಬನಿ ಬಿಂದುವಿಗಿಂತ, ಅಂದರೆ ಅದರಲ್ಲಿರುವ ಆವಿ ಹನಿಗಟ್ಟಲು ಆರಂಭಿಸುವ ತಾಪಮಾನಕ್ಕಿಂತ, ತಣ್ಣಗಿರುವುದರಿಂದ ಆವಿ ಹನಿಗಟ್ಟಿ, ರೆಕ್ಕೆಗಳ ಮೇಲಿಂದ ಇಳಿದು, ಕೆಳಗಿನ ತಟ್ಟೆಯ ಮೂಲಕ ಕೊಳವೆಗೆ ಸೇರುತ್ತದೆ. ಹನಿಗಟ್ಟುವಾಗ ಬಿಡುಗಡೆಯಾಗುವ ಗುಪ್ತೋಷ್ಣವನ್ನು ಕಾಯಿಲ್‌ನೊಳಗೆ ಹರಿಯುವ ಶೈತ್ಯಕಾರಕ, ಅಂದರೆ ಫ್ರಿಜ್ಜಿನೊಳಗೆ ಇರುವಂತಹ ಬೇಗ ಆವಿಯಾಗುವ ದ್ರವ, ಹೀರಿಕೊಂಡು ಅನಿಲವಾಗುತ್ತದೆ. ಕಂಪ್ರೆಸರ್ ಆ ಅನಿಲವನ್ನು ಒತ್ತಿ ಅದರ ಒತ್ತಡವನ್ನೂ ತಾಪಮಾನವನ್ನೂ ಏರಿಸುತ್ತದೆ. ಹಾಗೆ ಬಿಸಿಯಾದ ಅನಿಲ ಕಂಡೆನ್ಸರ್ ಎಂಬ ಎರಡನೆಯ ಕಾಯಿಲ್‌ಗೆ ಬರುತ್ತದೆ. ಈಗಷ್ಟೇ ತೇವ ಕಳೆದುಕೊಂಡ ತಂಪು ಗಾಳಿ ಇದೇ ಕಾಯಿಲ್‌ನ ಮೇಲೆ ಹಾದು ಮತ್ತೆ ಬಿಸಿಯಾಗಿ, ಒಣಗಿದ ಸ್ಥಿತಿಯಲ್ಲಿ ವಸ್ತುವಿನತ್ತ ಮರಳುತ್ತದೆ. ಶೈತ್ಯಕಾರಕ ದ್ರವವಾಗಿ, ಎಕ್ಸ್‌ಪಾನ್ಷನ್ ವಾಲ್ವ್ ದಾಟಿ, ಒತ್ತಡ ಇಳಿಸಿಕೊಂಡು ಪುನಃ ತಣ್ಣನೆಯ ಕಾಯಿಲ್ ಸೇರುತ್ತದೆ.

ಒಂದೇ ಯಂತ್ರ ಗಾಳಿಯ ತೇವ ತೆಗೆಯುತ್ತದೆ, ಅದೇ ತೇವದಿಂದ ಸಿಕ್ಕ ಶಾಖದಿಂದ ಅದೇ ಗಾಳಿಯನ್ನು ಬಿಸಿಯೂ ಮಾಡುತ್ತದೆ. ಮನೆಯನ್ನು ಬೆಚ್ಚಗಿಡುವ ಹೀಟ್ ಪಂಪ್‌ಗೆ ಉಪಯೋಗಕ್ಕೆ ಬರುವುದು ಬಿಸಿಯ ಬದಿ ಮಾತ್ರ, ಫ್ರಿಜ್ಜಿಗೆ ತಣ್ಣನೆಯ ಬದಿ ಮಾತ್ರ. ಒಣಗಿಸುವ ಕೆಲಸದಲ್ಲಿ ಎರಡೂ ಬದಿಗಳು ದುಡಿಯುತ್ತವೆ. ಈ ತಂತ್ರಜ್ಞಾನ ಇಲ್ಲಿ ಇಷ್ಟು ಚೆನ್ನಾಗಿ ಹೊಂದಿಕೊಳ್ಳಲು ಅದೇ ಕಾರಣ.

ಒಂದು ಯೂನಿಟ್ ವಿದ್ಯುತ್ತಿನಿಂದ ಮೂರು ಯೂನಿಟ್ ಶಾಖ ಸಿಗುತ್ತದೆ ಎಂಬುದು ನಿಜವೇ?

ನಿಜ. ಇದರಲ್ಲಿ ಶಕ್ತಿಯ ಸಂರಕ್ಷಣೆಯ ನಿಯಮವೇನೂ ಮುರಿಯುವುದಿಲ್ಲ. ಹೀಟ್ ಪಂಪ್ ಶಾಖವನ್ನು ಸೃಷ್ಟಿಸುವುದಿಲ್ಲ. ಕಡಿಮೆ ತಾಪಮಾನದಲ್ಲಿರುವ ಶಾಖವನ್ನು ಎತ್ತಿ ಹೆಚ್ಚಿನ ತಾಪಮಾನದಲ್ಲಿ ಇಡುತ್ತದೆ, ವಿದ್ಯುತ್ ಖರ್ಚಾಗುವುದು ಆ ಎತ್ತುವ ಕೆಲಸಕ್ಕೆ ಮಾತ್ರ. ಕೊಟ್ಟ ವಿದ್ಯುತ್ತಿನ ಎಷ್ಟು ಪಟ್ಟು ಶಾಖ ದೊರೆಯಿತು ಎಂಬ ಅನುಪಾತಕ್ಕೆ ಸಿಒಪಿ ಎನ್ನುತ್ತಾರೆ.

ಸಿಒಪಿಗೆ ಒಂದು ಮೇಲ್ಮಿತಿಯಿದೆ. 1824ರಲ್ಲಿ ಫ್ರಾನ್ಸಿನ ಎಂಜಿನಿಯರ್ ಸಾದಿ ಕಾರ್ನೋ ಮಂಡಿಸಿದ ವಿಚಾರಗಳಿಂದ ಹೊರಡುವ ಈ ಮಿತಿ, ಕೆಲ್ವಿನ್‌ನಲ್ಲಿ ಅಳೆದ ಬಿಸಿ ಬದಿಯ ತಾಪಮಾನವನ್ನು ಎರಡು ಬದಿಗಳ ನಡುವಿನ ಅಂತರದಿಂದ ಭಾಗಿಸಿದಾಗ ದೊರೆಯುತ್ತದೆ. ಶೈತ್ಯಕಾರಕ 10 ಡಿಗ್ರಿಯಲ್ಲಿ ಆವಿಯಾಗಿ 60 ಡಿಗ್ರಿಯಲ್ಲಿ ದ್ರವವಾಗುವ ಯಂತ್ರವೊಂದರಲ್ಲಿ ಇದು 333 (60ಕ್ಕೆ 273 ಕೂಡಿಸಿದಾಗ ಸಿಗುವ ಕೆಲ್ವಿನ್ ಅಂಕಿ) ಭಾಗಿಸು 50, ಅಂದರೆ ಸುಮಾರು 6.7. ನಿಜವಾದ ಯಂತ್ರಗಳು ಸಾಮಾನ್ಯವಾಗಿ ಈ ಮಿತಿಯ ಅರ್ಧದಷ್ಟನ್ನು ಸಾಧಿಸುತ್ತವೆ; ಮೂರು ಪಟ್ಟು ಎಂಬ ಮಾತು ಬಂದಿರುವುದು ಹೀಗೆ. ಅಂತರ ಕಡಿಮೆಯಾದಷ್ಟೂ ಸಿಒಪಿ ಏರುತ್ತದೆಯಾದ್ದರಿಂದ, ಬೇಕಾದುದಕ್ಕಿಂತ ಐದು ಡಿಗ್ರಿ ಹೆಚ್ಚು ಬಿಸಿ ಗಾಳಿ ಕೇಳುವ ಅಭ್ಯಾಸಕ್ಕೆ ಇಲ್ಲಿ ನೇರವಾಗಿ ಬೆಲೆ ತೆರಬೇಕಾಗುತ್ತದೆ.

ಇದು ಇನ್ನೂ ಪ್ರಯೋಗದ ಹಂತದಲ್ಲಿರುವ ತಂತ್ರಜ್ಞಾನವೇ?

ಅಲ್ಲ. ಹೀಟ್ ಪಂಪ್‌ನ ಕಲ್ಪನೆಯನ್ನು ಲಾರ್ಡ್ ಕೆಲ್ವಿನ್ 1852ರಲ್ಲಿ ಮುಂದಿಟ್ಟರು. ಅದಾದ ಕೆಲವೇ ವರ್ಷಗಳಲ್ಲಿ ಆಸ್ಟ್ರಿಯಾದ ಗಣಿ ತಂತ್ರಜ್ಞ ಪೀಟರ್ ಫಾನ್ ರಿಟ್ಟಿಂಗರ್ ಎಬೆನ್‌ಸೀ ಎಂಬಲ್ಲಿನ ಉಪ್ಪಿನ ಕಾರ್ಖಾನೆಯಲ್ಲಿ, ಉಪ್ಪುನೀರಿನಿಂದ ಎದ್ದ ಆವಿಯನ್ನೇ ಒತ್ತಿ ಬಿಸಿ ಮಾಡಿ, ಅದೇ ಉಪ್ಪುನೀರನ್ನು ಕುದಿಸಲು ಮರಳಿ ಬಳಸುವ ಯಂತ್ರವನ್ನು ಕಟ್ಟಿದರು. ಕಾರ್ಯರೂಪಕ್ಕೆ ಬಂದ ಮೊದಲ ಹೀಟ್ ಪಂಪ್ ಎಂದು ಇದನ್ನೇ ಗುರುತಿಸಲಾಗುತ್ತದೆ. ನೀರನ್ನು ಬೇರ್ಪಡಿಸುವ ಕೆಲಸಕ್ಕಾಗಿಯೇ ಹೀಟ್ ಪಂಪ್ ಮೊದಲು ಬಳಕೆಗೆ ಬಂದಿತೆಂಬುದು ಇಲ್ಲಿ ನೆನೆಯಬೇಕಾದ ಸಂಗತಿ.

ಮರ ಒಣಗಿಸುವ ಕೋಣೆಗಳಲ್ಲಿ ಇದು ದಶಕಗಳಿಂದ ಬಳಕೆಯಲ್ಲಿದೆ. ಬಟ್ಟೆ ಒಣಗಿಸುವ ಯಂತ್ರಗಳಲ್ಲಂತೂ ಇದು ಮನೆಮನೆಗೂ ಬಂದಿದೆ: ವಿದ್ಯುತ್ ಹೀಟರಿನಿಂದ ಗಾಳಿ ಬಿಸಿ ಮಾಡುವ ಸಾಮಾನ್ಯ ಕಂಡೆನ್ಸರ್ ಯಂತ್ರಗಳಿಗೆ ಹೋಲಿಸಿದರೆ ಹೀಟ್ ಪಂಪ್ ಯಂತ್ರಗಳು ಸುಮಾರು ಅರ್ಧದಷ್ಟೇ ವಿದ್ಯುತ್ ಬಳಸುವುದರಿಂದ, ಸ್ವಿಟ್ಜರ್ಲೆಂಡ್ 2012ರಲ್ಲಿಯೇ ಬೇರೆ ಬಗೆಯ ಹೊಸ ಯಂತ್ರಗಳ ಮಾರಾಟಕ್ಕೆ ತೆರೆ ಎಳೆಯಿತು. ಯುರೋಪಿಯನ್ ಒಕ್ಕೂಟದಲ್ಲಿ 2025ರ ಜುಲೈಯಿಂದ ಜಾರಿಗೆ ಬಂದ ದಕ್ಷತೆಯ ನಿಯಮಗಳ ಪರಿಣಾಮವೂ ಹೆಚ್ಚುಕಡಿಮೆ ಇದೇ ಆಗಿದೆ.

ನಿಜವಾದ ಉಳಿತಾಯವನ್ನು ಯಾವ ಅಂಕಿಯಿಂದ ಅಳೆಯಬೇಕು?

ಮಾರಾಟಗಾರರು ಸಾಮಾನ್ಯವಾಗಿ ಸಿಒಪಿಯನ್ನು ಮುಂದಿಡುತ್ತಾರೆ. ನನ್ನ ದೃಷ್ಟಿಯಲ್ಲಿ ಒಣಗಿಸುವ ಕೆಲಸಕ್ಕೆ ಅದೊಂದೇ ಸಾಲದು. ಕೋಣೆಯ ಬಾಗಿಲಿನಿಂದ ಗಾಳಿ ಸೋರುತ್ತಿದ್ದರೂ, ತಟ್ಟೆಗಳ ನಡುವೆ ಗಾಳಿ ಸರಿಯಾಗಿ ಹರಿಯದಿದ್ದರೂ, ಕಂಪ್ರೆಸರ್‌ನ ಸಿಒಪಿ ಚೆನ್ನಾಗಿಯೇ ಕಾಣಬಹುದು. ಕೇಳಬೇಕಾದ ಪ್ರಶ್ನೆ ಒಂದೇ: ಫ್ಯಾನುಗಳೂ ಸೇರಿದಂತೆ ಇಡೀ ಯಂತ್ರಕ್ಕೆ ಕೊಟ್ಟ ಒಂದು ಯೂನಿಟ್ ವಿದ್ಯುತ್ತಿಗೆ ಎಷ್ಟು ಕಿಲೋಗ್ರಾಂ ನೀರು ವಸ್ತುವಿನಿಂದ ಹೊರಬಂತು? ತಂತ್ರಜ್ಞರು ಈ ಅಳತೆಯನ್ನು ಎಸ್‌ಎಂಇಆರ್ ಎಂದು ಕರೆಯುತ್ತಾರೆ.

ಶಾಖವನ್ನು ಒಂದೇ ಬಾರಿ ಬಳಸುವ ಯಾವ ಡ್ರೈಯರ್‌ಗೂ ಇದು ಸುಮಾರು 1.5ನ್ನು ದಾಟಲಾರದು, ಏಕೆಂದರೆ ಒಂದು ಯೂನಿಟ್ ಎಂದರೆ 3600 ಕಿಲೋಜೂಲ್, ಒಂದು ಕಿಲೋಗ್ರಾಂ ನೀರಿಗೆ ಬೇಕಾದುದು 2400. ಬಳಕೆಯಲ್ಲಿರುವ ಬಿಸಿಗಾಳಿಯ ಡ್ರೈಯರ್‌ಗಳಲ್ಲಿ ಅದು ಹೆಚ್ಚಾಗಿ ಒಂದಕ್ಕಿಂತ ಕಡಿಮೆ. ಹೀಟ್ ಪಂಪ್ ಡ್ರೈಯರ್‌ಗಳು ಒಂದರಿಂದ ನಾಲ್ಕರವರೆಗೆ ಕೊಡುತ್ತವೆ. ಈ ವ್ಯಾಪ್ತಿ ಇಷ್ಟು ದೊಡ್ಡದಾಗಿರುವುದೇ ವಿನ್ಯಾಸ ಮತ್ತು ನಿರ್ವಹಣೆ ಎಷ್ಟು ಮುಖ್ಯ ಎಂಬುದನ್ನು ಹೇಳುತ್ತದೆ.

ಉದಾಹರಣೆಗೆ, ಶೇ. 85ರಷ್ಟು ನೀರಿರುವ 100 ಕಿಲೋಗ್ರಾಂ ಹಣ್ಣಿನ ಹೋಳುಗಳನ್ನು ಶೇ. 15ಕ್ಕೆ ಇಳಿಸಬೇಕೆಂದುಕೊಳ್ಳೋಣ. ಘನಪದಾರ್ಥ 15 ಕಿಲೋಗ್ರಾಂ ಮಾತ್ರ ಇರುವುದರಿಂದ, ಒಣಗಿದ ಮೇಲೆ ಉಳಿಯುವ ತೂಕ ಸುಮಾರು 17.6 ಕಿಲೋಗ್ರಾಂ, ತೆಗೆಯಬೇಕಾದ ನೀರು 82.4 ಕಿಲೋಗ್ರಾಂ. ಎಸ್‌ಎಂಇಆರ್ 0.8 ಇರುವ ಡ್ರೈಯರ್ ಇದಕ್ಕೆ 103 ಯೂನಿಟ್ ಬಳಸಿದರೆ, ಎಸ್‌ಎಂಇಆರ್ 2 ಇರುವ ಹೀಟ್ ಪಂಪ್ ಡ್ರೈಯರ್‌ಗೆ 41 ಯೂನಿಟ್ ಸಾಕಾಗುತ್ತದೆ.

ಕೊನೆಯ ಗಂಟೆಗಳಲ್ಲಿ ಉಳಿತಾಯ ಕುಸಿಯುತ್ತದೆ ಎನ್ನುತ್ತಾರಲ್ಲ, ಏಕೆ?

ಮೊದಲ ಹಂತದಲ್ಲಿ ವಸ್ತುವಿನ ಮೇಲ್ಮೈ ಒದ್ದೆಯಾಗಿರುತ್ತದೆ, ಗಾಳಿ ಸುಲಭವಾಗಿ ತೇವ ತುಂಬಿಕೊಳ್ಳುತ್ತದೆ. ಆಮೇಲೆ ನೀರು ಒಳಗಿನಿಂದ ನಿಧಾನವಾಗಿ ಮೇಲಕ್ಕೆ ಬರಬೇಕಾಗುತ್ತದೆ, ಕಾಯಿಲ್‌ನತ್ತ ಮರಳುವ ಗಾಳಿ ಹೆಚ್ಚೆಚ್ಚು ಒಣಗಿರುತ್ತದೆ. ಇದರ ಪರಿಣಾಮವನ್ನು ಅಂಕಿಗಳಲ್ಲಿಯೇ ನೋಡುವುದು ಒಳ್ಳೆಯದು. 50 ಡಿಗ್ರಿಯಲ್ಲಿ ಶೇ. 60ರಷ್ಟು ಸಾಪೇಕ್ಷ ಆರ್ದ್ರತೆಯಿರುವ ಗಾಳಿಯ ಇಬ್ಬನಿ ಬಿಂದು ಸುಮಾರು 40 ಡಿಗ್ರಿ. ಹತ್ತು ಡಿಗ್ರಿ ತಣಿದರೆ ಹನಿಗಟ್ಟಲು ಆರಂಭವಾಗುತ್ತದೆ. ಅದೇ ಗಾಳಿಯ ಆರ್ದ್ರತೆ ಶೇ. 20ಕ್ಕೆ ಇಳಿದಾಗ ಇಬ್ಬನಿ ಬಿಂದು ಸುಮಾರು 21 ಡಿಗ್ರಿಗೆ ಜಾರುತ್ತದೆ, ಮೊದಲ ಹನಿ ಕಾಣಲು 29 ಡಿಗ್ರಿ ತಣಿಸಬೇಕಾಗುತ್ತದೆ. ಮೊದಲನೆಯದನ್ನು 25 ಡಿಗ್ರಿಗೆ ತಣಿಸಿದಾಗ ಕಾಯಿಲ್‌ನ ಶ್ರಮದಲ್ಲಿ ಸುಮಾರು ಮುಕ್ಕಾಲು ಭಾಗ ನೀರು ತೆಗೆಯುವುದಕ್ಕೇ ಹೋಗುತ್ತದೆ. ಎರಡನೆಯದನ್ನು 15 ಡಿಗ್ರಿಗೆ ತಣಿಸಿದರೂ ಅದು ಕಾಲು ಭಾಗಕ್ಕಿಂತ ಹೆಚ್ಚಿರುವುದಿಲ್ಲ, ಉಳಿದದ್ದೆಲ್ಲ ಗಾಳಿಯನ್ನು ಬರಿದೇ ತಣಿಸಿ ಮತ್ತೆ ಬಿಸಿ ಮಾಡುವುದರಲ್ಲಿ ಕಳೆಯುತ್ತದೆ.

ಇದಕ್ಕೆ ಪರಿಹಾರಗಳಿವೆ. ಗಾಳಿಯ ಒಂದು ಪಾಲನ್ನು ಮಾತ್ರ ತಣ್ಣನೆಯ ಕಾಯಿಲ್‌ನ ಮೂಲಕ ಹಾಯಿಸಿ ಉಳಿದದ್ದನ್ನು ಬೈಪಾಸ್ ಮಾಡಬಹುದು. ಕಂಪ್ರೆಸರ್ ಮತ್ತು ಫ್ಯಾನಿನ ವೇಗವನ್ನು ಇಳಿಸಬಹುದು. ತಣ್ಣಗಾದ ಗಾಳಿಯಿಂದಲೇ ಒಳಬರುವ ಗಾಳಿಯನ್ನು ಮೊದಲು ತಣಿಸುವ ಶಾಖ ವಿನಿಮಯಕವನ್ನು ಸೇರಿಸಬಹುದು. ಹಲವು ತಟ್ಟೆಗಾಡಿಗಳು ಒಂದರ ಹಿಂದೊಂದು ಸಾಗುವ ಸುರಂಗ ಡ್ರೈಯರ್‌ನಲ್ಲಿ ಈ ತೊಂದರೆ ಹೆಚ್ಚಾಗಿ ತಾನಾಗಿಯೇ ಪರಿಹಾರವಾಗುತ್ತದೆ, ಏಕೆಂದರೆ ಅಲ್ಲಿ ಹೊಸದಾಗಿ ಒಳಬಂದ ಒದ್ದೆ ಸರಕು ಸದಾ ಇರುತ್ತದೆ. ಇವೆಲ್ಲಕ್ಕಿಂತ ಸುಲಭವಾದ ಉಪಾಯವೆಂದರೆ ಸಕಾಲದಲ್ಲಿ ನಿಲ್ಲಿಸುವುದು. ಸೂಕ್ಷ್ಮಜೀವಿಗಳ ಬಳಕೆಗೆ ಎಷ್ಟು ನೀರು ಸಿಗುತ್ತದೆಂದು ಹೇಳುವ ನೀರಿನ ಚಟುವಟಿಕೆ ಎಂಬ ಅಳತೆ 0.6ಕ್ಕಿಂತ ಕೆಳಗಿಳಿದರೆ ಆಹಾರದಲ್ಲಿ ಸೂಕ್ಷ್ಮಜೀವಿಗಳು ಬೆಳೆಯುವುದಿಲ್ಲ. ಅದಕ್ಕಿಂತ ಬಹಳ ಕೆಳಗೆ ಒಣಗಿಸಲು ಗರಿಗರಿತನದಂತಹ ಬೇರೆ ಕಾರಣ ಇರಬೇಕು.

ಯಾವ ವಸ್ತುಗಳಿಗೆ ಇದು ಹೆಚ್ಚು ಸೂಕ್ತ?

ಶಾಖಕ್ಕೆ ಬೇಗ ಕೆಡುವ ವಸ್ತುಗಳಿಗೆ ಇದರ ಲಾಭ ಎದ್ದು ಕಾಣುತ್ತದೆ. ಪರಿಮಳದ ಎಲೆಗಳು, ಬಣ್ಣ ಉಳಿಯಬೇಕಾದ ಹಣ್ಣು ಮತ್ತು ತರಕಾರಿ, ಅಣಬೆ, ಮೀನು, ಬಿತ್ತನೆ ಬೀಜ ಇಂಥವು 30ರಿಂದ 60 ಡಿಗ್ರಿಯೊಳಗೆ ಒಣಗಿದರೆ ಒಳ್ಳೆಯದು. ಸಾಮಾನ್ಯ ಡ್ರೈಯರ್‌ನಲ್ಲಿ ಇಷ್ಟು ಕಡಿಮೆ ತಾಪಮಾನ ಇಟ್ಟರೆ, ಹೊರಗಿನ ಗಾಳಿ ತೇವದಿಂದ ಕೂಡಿರುವ ದಿನ ಒಣಗುವುದೇ ಕಷ್ಟ. ಹೀಟ್ ಪಂಪ್ ಗಾಳಿಯ ಆರ್ದ್ರತೆಯನ್ನು ತಾನೇ ನಿಯಂತ್ರಿಸುವುದರಿಂದ ಮಳೆಯ ದಿನವೂ ಬಿಸಿಲಿನ ದಿನವೂ ಅದಕ್ಕೆ ಬಹುಮಟ್ಟಿಗೆ ಒಂದೇ.

ಮರದ ವಿಷಯದಲ್ಲಿ ಈ ನಿಯಂತ್ರಣದ ಬೆಲೆ ಇನ್ನೂ ಹೆಚ್ಚು. ಮೇಲ್ಮೈ ಅವಸರದಲ್ಲಿ ಒಣಗಿ ಗಟ್ಟಿಯಾದರೆ ಒಳಗಿನ ತೇವ ಸಿಕ್ಕಿಕೊಳ್ಳುತ್ತದೆ, ಹಲಗೆ ಬಿರುಕು ಬಿಡುತ್ತದೆ ಅಥವಾ ಸೊಟ್ಟಗಾಗುತ್ತದೆ. ಆರ್ದ್ರತೆಯನ್ನು ಹಂತಹಂತವಾಗಿ ಇಳಿಸುತ್ತ ಹೋಗುವುದರಿಂದ ಈ ನಷ್ಟವನ್ನು ತಡೆಯಬಹುದು. ಹಾಳಾಗದೆ ಉಳಿದ ಸರಕಿನ ಮೌಲ್ಯ ಎಷ್ಟೋ ವೇಳೆ ವಿದ್ಯುತ್ತಿನ ಉಳಿತಾಯಕ್ಕಿಂತಲೂ ದೊಡ್ಡದಿರುತ್ತದೆ.

ಒಣಗಲು ಹೆಚ್ಚು ಸಮಯ ಹಿಡಿಯುವುದಿಲ್ಲವೇ?

80 ಡಿಗ್ರಿಯ ಬಿಸಿಗಾಳಿಗೆ ಹೋಲಿಸಿದರೆ 45 ಡಿಗ್ರಿಯ ಹೀಟ್ ಪಂಪ್ ನಿಧಾನವೇ. ಆದರೆ ಒಂದೇ ತಾಪಮಾನದಲ್ಲಿ ಹೋಲಿಸಿದರೆ, ಹೆಚ್ಚು ಒಣಗಿದ ಗಾಳಿ ಕೊಡುವ ಹೀಟ್ ಪಂಪ್ ಸಾಮಾನ್ಯವಾಗಿ ಬೇಗ ಮುಗಿಸುತ್ತದೆ. ಹೋಳುಗಳ ದಪ್ಪ ಕಡಿಮೆ ಮಾಡುವುದರಿಂದ ಸಿಗುವ ಸಮಯ ಯಾವ ಯಂತ್ರದಿಂದಲೂ ಸಿಗುವುದಿಲ್ಲ.

100 ಡಿಗ್ರಿಗಿಂತ ಹೆಚ್ಚಿನ ತಾಪಮಾನ ಬೇಕಾದ ಕೈಗಾರಿಕೆಗಳಿಗೆ ಇದು ಒದಗುತ್ತದೆಯೇ?

ಒದಗತೊಡಗಿದೆ. 80ರಿಂದ 90 ಡಿಗ್ರಿಯವರೆಗಿನ ಯಂತ್ರಗಳು ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿವೆ. ಅದಕ್ಕೂ ಮೇಲಿನ ತಾಪಮಾನಕ್ಕಾಗಿ ಯುರೋಪಿನಲ್ಲಿ 2016ರಲ್ಲಿ ಆರಂಭವಾದ ಡ್ರೈಫಿಶಿಯೆನ್ಸಿ ಯೋಜನೆ ಮುಖ್ಯವಾದುದು. ಆಸ್ಟ್ರಿಯಾದ ಇಟ್ಟಿಗೆ ಕಾರ್ಖಾನೆಯೊಂದರಲ್ಲೂ ಪಿಷ್ಟ ತಯಾರಿಸುವ ಕಾರ್ಖಾನೆಯೊಂದರಲ್ಲೂ, ವ್ಯರ್ಥವಾಗುತ್ತಿದ್ದ ಶಾಖವನ್ನು 160 ಡಿಗ್ರಿಯವರೆಗೆ ಏರಿಸಿ ಒಣಗಿಸಲು ಬಳಸುವ ಗುರಿಯಿಟ್ಟು ಹೀಟ್ ಪಂಪ್‌ಗಳನ್ನು ಅಳವಡಿಸಲಾಯಿತು.

ಇಲ್ಲಿ ತಿಳಿಯಬೇಕಾದುದು, ದಕ್ಷತೆಯನ್ನು ನಿರ್ಧರಿಸುವುದು ಬಿಸಿ ಬದಿಯ ತಾಪಮಾನವೊಂದೇ ಅಲ್ಲ, ಎರಡೂ ಬದಿಗಳ ಅಂತರ. 70 ಡಿಗ್ರಿಯ ವ್ಯರ್ಥ ಶಾಖ ಕೈಯಲ್ಲಿದ್ದರೆ 120 ಡಿಗ್ರಿಗೆ ಏರಿಸುವುದು ಲಾಭದಾಯಕವಾಗಬಹುದು. 10 ಡಿಗ್ರಿಯಿಂದ ಅಲ್ಲಿಗೆ ಏರಿಸುವುದು ಅಷ್ಟು ಸುಲಭವಲ್ಲ. ಗಾಳಿಯ ಬದಲು ಅತಿಬಿಸಿಯಾದ ಉಗಿಯಿಂದಲೇ ಒಣಗಿಸುವ ವಿಧಾನದಲ್ಲಿ, ವಸ್ತುವಿನಿಂದ ಎದ್ದ ಉಗಿಯನ್ನು ನೇರವಾಗಿ ಕಂಪ್ರೆಸರ್‌ನಲ್ಲಿ ಒತ್ತಿ ಮತ್ತೆ ಬಳಸಬಹುದು. ರಿಟ್ಟಿಂಗರ್ ಮಾಡಿದ್ದೂ ಮೂಲತಃ ಇದನ್ನೇ.

ಯಾವ ಶೈತ್ಯಕಾರಕವನ್ನು ಆರಿಸಬೇಕು?

ದೀರ್ಘಕಾಲ ಬಳಕೆಯಲ್ಲಿದ್ದ ಆರ್-134ಎ ಸೋರಿದರೆ, ನೂರು ವರ್ಷಗಳ ಲೆಕ್ಕದಲ್ಲಿ, ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 1400 ಪಟ್ಟು ಹೆಚ್ಚು ತಾಪ ಉಂಟುಮಾಡುತ್ತದೆ. ಓಝೋನ್ ಪದರವನ್ನು ಕಾಪಾಡುವ ಮಾಂಟ್ರಿಯಲ್ ಒಪ್ಪಂದಕ್ಕೆ 2016ರಲ್ಲಿ ಕಿಗಾಲಿಯಲ್ಲಿ ಮಾಡಿದ ತಿದ್ದುಪಡಿ ಇಂತಹ ಅನಿಲಗಳನ್ನು ಹಂತಹಂತವಾಗಿ ತಗ್ಗಿಸಬೇಕೆಂದು ಹೇಳುತ್ತದೆ. ಹದಿನೈದು ಇಪ್ಪತ್ತು ವರ್ಷ ಬಾಳುವ ಯಂತ್ರಕ್ಕೆ ಅಂತಹ ಅನಿಲವನ್ನು ಇಂದು ಆರಿಸುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ.

ಪ್ರೊಪೇನ್, ಅಂದರೆ ಆರ್-290, ಉತ್ತಮ ದಕ್ಷತೆ ಕೊಡುತ್ತದೆ, ಆದರೆ ಹೊತ್ತಿಕೊಳ್ಳುತ್ತದೆ. ಅಮೋನಿಯ ದೊಡ್ಡ ಸ್ಥಾವರಗಳಿಗೆ ಒಪ್ಪುತ್ತದೆ, ಆದರೆ ವಿಷಕಾರಿ. ಇವೆರಡನ್ನೂ ಪ್ರತ್ಯೇಕ ಯಂತ್ರಕೋಣೆಯಲ್ಲಿಟ್ಟು, ಶಾಖವನ್ನು ಮಾತ್ರ ನೀರಿನ ಮೂಲಕ ಒಣಗಿಸುವ ಕೋಣೆಗೆ ಸಾಗಿಸುವುದು ಸುರಕ್ಷಿತ. ಇಂಗಾಲದ ಡೈಆಕ್ಸೈಡ್ ಸುಮಾರು 31 ಡಿಗ್ರಿಯಲ್ಲೇ ತನ್ನ ಕ್ರಾಂತಿಕ ಬಿಂದುವನ್ನು (ಅದರಾಚೆ ಎಷ್ಟು ಒತ್ತಿದರೂ ಅನಿಲ ದ್ರವವಾಗದ ತಾಪಮಾನವನ್ನು) ಮುಟ್ಟುವುದರಿಂದ, ಅದಕ್ಕೆ 74 ಬಾರ್‌ಗೂ ಮೀರಿದ ಒತ್ತಡ ತಾಳುವ ಉಪಕರಣಗಳು ಬೇಕು; ಆದರೆ ಗಾಳಿಯನ್ನು ಕಡಿಮೆ ತಾಪಮಾನದಿಂದ ಒಂದೇ ಓಟದಲ್ಲಿ ಮೇಲೇರಿಸುವ ಕೆಲಸಕ್ಕೆ ಅದು ಚೆನ್ನಾಗಿ ಹೊಂದುತ್ತದೆ.

ಈಗಿರುವ ಡ್ರೈಯರ್‌ಗೆ ಹೀಟ್ ಪಂಪ್ ಜೋಡಿಸಬಹುದೇ?

ಜೋಡಿಸಬಹುದು, ಆದರೆ ಮೊದಲು ಕೋಣೆಯನ್ನು ಸರಿಪಡಿಸಬೇಕು. ಗಾಳಿಯನ್ನು ಹೊರಗೆ ಬಿಡುವ ಉದ್ದೇಶದಿಂದಲೇ ಕಟ್ಟಿದ ಹಳೆಯ ಕೋಣೆಗಳಲ್ಲಿ ಸಂದುಗಳನ್ನು ಯಾರೂ ಲೆಕ್ಕಿಸಿರುವುದಿಲ್ಲ. ಹೀಟ್ ಪಂಪ್‌ಗೆ ಆ ಸಂದುಗಳೇ ಮುಳುವಾಗುತ್ತವೆ. ಫ್ಯಾನ್ ಓಡುತ್ತಿರುವಾಗ ತೆಳು ಕಾಗದದ ಪಟ್ಟಿಯೊಂದನ್ನು ಬಾಗಿಲ ಅಂಚಿನುದ್ದಕ್ಕೂ ಹಿಡಿದು ನಡೆದರೆ, ಅದು ಎಲ್ಲಿ ಅದುರುತ್ತದೆಯೋ ಎಲ್ಲಿ ಒಳಕ್ಕೆ ಎಳೆದುಕೊಳ್ಳುತ್ತದೆಯೋ ಅಲ್ಲೆಲ್ಲ ರಬ್ಬರ್ ಪಟ್ಟಿ ಬದಲಿಸಬೇಕೆಂದು ತಿಳಿಯುತ್ತದೆ.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಮುಚ್ಚಿದ ವ್ಯವಸ್ಥೆಯಲ್ಲಿ ಗುಪ್ತೋಷ್ಣ ಸುತ್ತುತ್ತಲೇ ಇರುವುದರಿಂದ, ಕಂಪ್ರೆಸರ್ ಮತ್ತು ಫ್ಯಾನಿಗೆ ಕೊಟ್ಟ ವಿದ್ಯುತ್ ಶಾಖವಾಗಿ ಒಳಗೇ ಸೇರಿಕೊಳ್ಳುತ್ತದೆ. ಗೋಡೆಗಳ ಮೂಲಕ ಹೋಗುವಷ್ಟನ್ನು ಬಿಟ್ಟು ಉಳಿದ ಶಾಖವನ್ನು ಹೊರಹಾಕದಿದ್ದರೆ ಕೋಣೆ ಕ್ರಮೇಣ ಬಿಸಿಯೇರುತ್ತ ಹೋಗುತ್ತದೆ. ಇದಕ್ಕಾಗಿ ಹೊರಗೆ ಹೆಚ್ಚುವರಿ ಕಂಡೆನ್ಸರ್ ಇಡುತ್ತಾರೆ. ಆ ಶಾಖದಿಂದ ತೊಳೆಯುವ ನೀರನ್ನು ಬಿಸಿ ಮಾಡಿಕೊಳ್ಳುವುದು ಇನ್ನೂ ಒಳ್ಳೆಯದು.

ಹಾಕಿದ ಹಣ ಮರಳಿ ಬರುತ್ತದೆಯೇ?

ಇದು ವಿದ್ಯುತ್ ಮತ್ತು ಇಂಧನದ ಬೆಲೆಗಳ ಅನುಪಾತ, ವರ್ಷದಲ್ಲಿ ಯಂತ್ರ ಓಡುವ ಗಂಟೆಗಳು ಮತ್ತು ಸರಕಿನ ಗುಣಮಟ್ಟಕ್ಕೆ ಸಿಗುವ ಬೆಲೆ, ಈ ಮೂರನ್ನು ಅವಲಂಬಿಸಿದೆ. ಒಂದು ಯೂನಿಟ್ ಶಾಖದ ಬೆಲೆಯನ್ನಷ್ಟೇ ಹೋಲಿಸಿದರೆ ತಪ್ಪು ಉತ್ತರ ಸಿಗುತ್ತದೆ, ಏಕೆಂದರೆ ಮುಚ್ಚಿದ ವ್ಯವಸ್ಥೆಗೆ ಬೇಕಾಗುವ ಹೊಸ ಶಾಖವೇ ಕಡಿಮೆ. ಒಂದು ಕಿಲೋಗ್ರಾಂ ನೀರು ತೆಗೆಯಲು ಎರಡೂ ಕಡೆ ತಗಲುವ ಖರ್ಚನ್ನು ಹೋಲಿಸಬೇಕು. ವರ್ಷಕ್ಕೆ ಕೆಲವೇ ವಾರ ಓಡುವ ಘಟಕಕ್ಕೆ ದುಬಾರಿ ಯಂತ್ರ ಹೊಂದುವುದು ಕಷ್ಟ; ಹಗಲಿರುಳು ಓಡುವ ಘಟಕಕ್ಕೆ ಸಾಮಾನ್ಯವಾಗಿ ಹೊಂದುತ್ತದೆ. ಹಿಂಡಿ ಅಥವಾ ತಿರುಗಿಸಿ ನೀರು ತೆಗೆಯಬಹುದಾದ ವಸ್ತುವಾಗಿದ್ದರೆ ಆ ಕೆಲಸವನ್ನು ಮೊದಲು ಮಾಡಬೇಕು, ಏಕೆಂದರೆ ದ್ರವರೂಪದಲ್ಲೇ ಹೊರಹೋಗುವ ನೀರಿಗೆ ಗುಪ್ತೋಷ್ಣದ ಬೆಲೆ ತೆರಬೇಕಾಗಿಲ್ಲ.

ನಿರ್ವಹಣೆಯಲ್ಲಿ ಏನು ನೋಡಿಕೊಳ್ಳಬೇಕು?

ಧೂಳು, ನಾರು, ಸಕ್ಕರೆಯ ಅಂಟು ಕಾಯಿಲ್‌ನ ರೆಕ್ಕೆಗಳ ನಡುವೆ ಸೇರಿದರೆ ಗಾಳಿಯ ಹರಿವೂ ದಕ್ಷತೆಯೂ ಒಟ್ಟಿಗೆ ಇಳಿಯುತ್ತವೆ, ಆದ್ದರಿಂದ ಫಿಲ್ಟರ್ ಶುಚಿಯಾಗಿರಬೇಕು. ಮರದಿಂದ ಹೊರಡುವ ಆಮ್ಲದ ಆವಿ ಮತ್ತು ಮೀನಿನ ಉಪ್ಪು ತಾಮ್ರವನ್ನೂ ಅಲ್ಯೂಮಿನಿಯಮ್ಮನ್ನೂ ತಿನ್ನುವುದರಿಂದ ಅಲ್ಲಿ ಲೇಪನವಿರುವ ಕಾಯಿಲ್‌ಗಳನ್ನೇ ಕೇಳಬೇಕು. ನೀರು ಹರಿಯುವ ಕೊಳವೆ ಕಟ್ಟಿಕೊಂಡರೆ ತೆಗೆದ ನೀರು ಮತ್ತೆ ಗಾಳಿಗೆ ಸೇರುತ್ತದೆ.

ಯಂತ್ರ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ತಿಳಿಯುವುದು ಹೇಗೆ?

ಒಂದು ತೂಕದ ಯಂತ್ರ, ಒಂದು ಬಕೆಟ್ ಮತ್ತು ವಿದ್ಯುತ್ ಮೀಟರ್ ಇದ್ದರೆ ಸಾಕು. ಸರಕನ್ನು ಒಳಗಿಡುವ ಮೊದಲು ಮತ್ತು ಹೊರತೆಗೆದ ಮೇಲೆ ತೂಗಬೇಕು. ಕೊಳವೆಯಿಂದ ಬಂದ ನೀರನ್ನು ಬಕೆಟ್‌ನಲ್ಲಿ ಹಿಡಿದು ಅದನ್ನೂ ತೂಗಬೇಕು. ಸರಕು 80 ಕಿಲೋಗ್ರಾಂ ಕಳೆದುಕೊಂಡು ಬಕೆಟ್‌ಗೆ 74 ಬಂದಿದ್ದರೆ ಕೋಣೆ ಚೆನ್ನಾಗಿಯೇ ಮುಚ್ಚಿಕೊಂಡಿದೆ. ಬಕೆಟ್‌ಗೆ 45 ಮಾತ್ರ ಬಂದಿದ್ದರೆ ಉಳಿದ ಆವಿ ತನ್ನ ಗುಪ್ತೋಷ್ಣದ ಸಮೇತ ಸಂದುಗಳಿಂದ ಹೋಗಿದೆ. ಸರಕು ಕಳೆದುಕೊಂಡದ್ದಕ್ಕಿಂತ ಹೆಚ್ಚು ನೀರು ಬಂದಿದ್ದರೆ ಹೊರಗಿನ ತೇವದ ಗಾಳಿ ಒಳಗೆ ನುಗ್ಗುತ್ತಿದೆ ಎಂದರ್ಥ.

ಸರಕು ಕಳೆದುಕೊಂಡ ತೂಕವನ್ನು ಮೀಟರ್ ತೋರಿಸಿದ ಯೂನಿಟ್‌ಗಳಿಂದ ಭಾಗಿಸಿದರೆ ಎಸ್‌ಎಂಇಆರ್ ಸಿಗುತ್ತದೆ. ಪ್ರತಿ ಬ್ಯಾಚಿಗೂ ಇದನ್ನು ದಾಖಲೆ ಪುಸ್ತಕದಲ್ಲಿ ಬರೆದಿಡುವುದು ಒಳ್ಳೆಯದು. ಅದೇ ಸರಕು, ಅದೇ ತಾಪಮಾನ, ಆದರೂ ಅಂಕಿ ವಾರದಿಂದ ವಾರಕ್ಕೆ ಇಳಿಯುತ್ತಿದ್ದರೆ ಮೊದಲು ಫಿಲ್ಟರ್ ಮತ್ತು ಕಾಯಿಲ್ ನೋಡಬೇಕು, ಆಮೇಲೆ ಬಾಗಿಲಿನ ರಬ್ಬರ್ ಪಟ್ಟಿ. ಅವೆರಡೂ ಸರಿಯಿದ್ದರೆ ಶೈತ್ಯಕಾರಕ ಸೋರುತ್ತಿದೆಯೇ ಎಂದು ನುರಿತ ತಂತ್ರಜ್ಞರಿಂದ ಪರೀಕ್ಷೆ ಮಾಡಿಸಬೇಕು.